ಗಾರಿಯೂ ತುಟ್ಟಿಯಾದಾಗ
ನೈಜೀರಿಯಾದ ಸಂತೆಗಳಲ್ಲಿ ಮರಗೆಣಸನ್ನು ತುರಿದು, ಹುಳಿಬರಿಸಿ, ಹುರಿದ 'ಗಾರಿ'ಯನ್ನು ಸಾಮಾನ್ಯವಾಗಿ ಡಬ್ಬದಲ್ಲಿ ಅಳೆದು ಮಾರುತ್ತಾರೆ. ನೀರಲ್ಲಿ ನೆನೆಸಿದರೆ ಸಾಕು, ಒಂದು ಹೊತ್ತಿನ ಊಟ. ಬಡವರ ಆ ಕೊನೆಯ ಆಸರೆಯೂ ಕೈಗೆಟುಕದಾಯಿತು. 2023ರ ಮೇ ಕೊನೆಯಲ್ಲಿ ಪೆಟ್ರೋಲ್ ಸಬ್ಸಿಡಿ ರದ್ದಾಯಿತು; ಜೂನ್‌ನಲ್ಲಿ ದೇಶದ ಕರೆನ್ಸಿ ನೈರಾದ ಮೌಲ್ಯವನ್ನು ಮಾರುಕಟ್ಟೆಗೆ ಬಿಡಲಾಯಿತು. ಲಾರಿ ಬಾಡಿಗೆ ಏರಿತು, ಆಮದು ಗೋಧಿ ತುಟ್ಟಿಯಾಯಿತು. ಉತ್ತರದಲ್ಲಿ ಬಂದೂಕುಧಾರಿಗಳಿಗೆ ಹೆದರಿ ರೈತರು ಹೊಲ ತೊರೆದದ್ದು ಗಾಯದ ಮೇಲೆ ಬರೆ. 2024ರ ಜೂನ್‌ನಲ್ಲಿ ಆಹಾರ ಹಣದುಬ್ಬರ ಶೇ 40ಕ್ಕಿಂತ ಮೇಲಿತ್ತು. ಮೆಕ್ಕೆಜೋಳ, ಗೋಧಿ, ಅಲಸಂದೆಗೆ 150 ದಿನ ಆಮದು ಸುಂಕ ಮನ್ನಾ ಮಾಡುವುದಾಗಿ ಸರ್ಕಾರ ಹೇಳಿದ್ದು ಅದರ ಮರುತಿಂಗಳು. ಸಬ್ಸಿಡಿ, ನೈರಾ ಎರಡರಲ್ಲೂ ಸುಧಾರಣೆ ಬೇಕಿತ್ತು, ನಿಜ. ಆದರೆ ದುಡಿದದ್ದೆಲ್ಲ ಊಟಕ್ಕೇ ಸರಿಹೋಗುವ ಮನೆಗಳಿಗೆ ಮೊದಲೇ ನೆರವು ತಲುಪಿಸದೆ ಎರಡೂ ಪೆಟ್ಟು ಒಟ್ಟಿಗೆ ಕೊಟ್ಟದ್ದು ಅಕ್ಷಮ್ಯ.