15ರ ಜಾಗದಲ್ಲಿ 30

ಕಾರಿನಲ್ಲಿ ಮೊಬೈಲ್ ಚಾರ್ಜ್ ಮಾಡುವ 12 ವೋಲ್ಟಿನ ಸಾಕೆಟ್ ಕೆಟ್ಟಿತೆಂದರೆ ನಮ್ಮವರಿಗೆ ತೋಚುವುದು ಎರಡೇ ದಾರಿ. ಒಂದು, ಅದನ್ನು ಮರೆತುಬಿಡುವುದು. ಇನ್ನೊಂದು, ಯಾರೋ ‘ದೊಡ್ಡ ಫ್ಯೂಸ್’ ಹಾಕಿಕೊಟ್ಟರೆ ಸಂತೋಷದಿಂದ ಹೊರಡುವುದು. ಮೊದಲನೆಯದು ಸೋಮಾರಿತನ, ಎರಡನೆಯದನ್ನು ನಾನು ಅಪರಾಧವೆಂದೇ ಕರೆಯುತ್ತೇನೆ.

ಕಳೆದ ತಿಂಗಳು ತಂಗಿಯ ಮಗನ ಕಾರಿನ ಫ್ಯೂಸ್ ಪೆಟ್ಟಿಗೆಯನ್ನು ತೆರೆದು ನೋಡಿದೆ. ಮುಚ್ಚಳದ ನಕ್ಷೆಯಲ್ಲಿ ಸಾಕೆಟ್ಟಿಗೆ 15 ಆಂಪಿಯರ್ ಎಂದು ಅಚ್ಚಾಗಿದೆ. ನೀಲಿ ಫ್ಯೂಸ್ ಇರಬೇಕಾದಲ್ಲಿ ಕುಳಿತಿದ್ದದ್ದು 30 ಆಂಪಿಯರಿನ ಹಸಿರು ಫ್ಯೂಸ್! “ಗ್ಯಾರೇಜಿನವರು ಹಾಕಿದ್ದು ಮಾವ, ಆಮೇಲೆ ಒಂದು ಸಲವೂ ಹೋಗಿಲ್ಲ” ಎಂದ, ಹೆಮ್ಮೆಯಿಂದ. ಆದರೆ ಸಾಕೆಟ್ಟಿನ ಹಿಂದಿನ ತಂತಿಯ ಹೊದಿಕೆ ಬಣ್ಣಗೆಟ್ಟು ಮೆತ್ತಗಾಗಿತ್ತು. ಅದಕ್ಕೆ ತಾಗಿಕೊಂಡೇ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್. ಹಿಂದಿನ ಸೀಟಿನಲ್ಲಿ ಕೂರುವುದು ಅವನ ಎರಡು ಮಕ್ಕಳು.

ತಂತಿಯಲ್ಲಿ ಹುಟ್ಟುವ ಉಷ್ಣವು ಪ್ರವಾಹದ ವರ್ಗಕ್ಕೆ ಅನುಗುಣವಾದುದು. ಪ್ರವಾಹ ಎರಡು ಪಟ್ಟಾದರೆ ಉಷ್ಣ ನಾಲ್ಕು ಪಟ್ಟು. ಜೌಲನ ಈ ನಿಯಮವನ್ನು ಹತ್ತನೆಯ ತರಗತಿಯಲ್ಲಿ ಬಾಯಿಪಾಠ ಮಾಡಿ ಅಂಕ ಗಳಿಸಿದವರೇ ನೀವೆಲ್ಲ. ತಂತಿಗಿಂತ ಮೊದಲು ತಾನು ಕರಗಲೆಂದೇ ಫ್ಯೂಸ್ ಇರುವುದು.

ಅದು ಏಕೆ ಹೋಯಿತೆಂದು ಗ್ಯಾರೇಜಿನಲ್ಲಿ ಯಾರೂ ಕೇಳಿರಲಿಲ್ಲ. ನಾನು ಕೇಳಿದೆ. ಟೈರಿಗೆ ಗಾಳಿ ತುಂಬುವ ಪಂಪು, ಕಸ ಹೀರುವ ಯಂತ್ರ, ಎರಡನ್ನೂ ಒಂದೇ ಸಾಕೆಟ್ಟಿಗೆ ಕವಲು ಹಾಕಿ ಓಡಿಸುತ್ತಿದ್ದನಂತೆ. ತಲಾ 120 ವ್ಯಾಟ್. ಒಟ್ಟು 240ನ್ನು 12ರಿಂದ ಭಾಗಿಸಿದರೆ 20 ಆಂಪಿಯರ್. ಫ್ಯೂಸಿನ ತಪ್ಪೇನು? ತಂತಿಯನ್ನು ಎಲೆಕ್ಟ್ರಿಷಿಯನ್‌ರಿಂದ ಬದಲಾಯಿಸಿ, ನೀಲಿ ಫ್ಯೂಸನ್ನೇ ಹಾಕಿಸಿದೆವು.

ಪರೀಕ್ಷೆಯೇನೂ ಬ್ರಹ್ಮವಿದ್ಯೆಯಲ್ಲ. ಮೊದಲು ಬೇರೊಂದು ಚಾರ್ಜರ್ ಸಿಕ್ಕಿಸಿ, ಕೀಲಿ ತಿರುಗಿಸಿ ನೋಡಿ. ಬಳಿಕ ಕೀಲಿ ತೆಗೆದು, ಟಾರ್ಚ್ ಹಿಡಿದು ಒಳಗೆ ನೋಡಿ. ನಡುವಿನ ಮೊನೆ ಧನ, ಸುತ್ತಲಿನ ಗೋಡೆ ಋಣ, ಎರಡನ್ನೂ ಮುಟ್ಟಿಕೊಂಡು ಒಂದು ರೂಪಾಯಿಯ ನಾಣ್ಯ ಬಿದ್ದಿರುವುದು ಅಪರೂಪವೇನಲ್ಲ. ಫ್ಯೂಸ್ ಸರಿಯಿದ್ದರೆ ಮಲ್ಟಿಮೀಟರ್ ಇಡಿ. ಎಂಜಿನ್ ನಿಂತಿರುವಾಗ ಸುಮಾರು 12.5, ಓಡುವಾಗ 14ರ ಆಸುಪಾಸು ತೋರಬೇಕು. ಅಷ್ಟು ತೋರಿಸಿಯೂ ಚಾರ್ಜ್ ಆಗದಿದ್ದರೆ ಮೊನೆಗೆ ಕಿಲುಬು ಹಿಡಿದಿರಬಹುದು. ಫ್ಯೂಸ್ ಕಿತ್ತಿಟ್ಟ ಮೇಲೆಯೇ ಉಜ್ಜಿ.

ಸಿಗರೇಟು ಪೊಟ್ಟಣದ ಬೆಳ್ಳಿಕಾಗದ ಸುತ್ತಿ ‘ಸರಿಮಾಡುವ’ ಮಹನೀಯರೂ ಇದ್ದಾರೆ; ಅವರ ಮಾತು ಬೇಡ. ಹಾಕಿದ ಫ್ಯೂಸ್ ಎಷ್ಟು ಆಂಪಿಯರಿನದೆಂದು ಗ್ಯಾರೇಜಿನವರು ಬಿಲ್ಲಿನಲ್ಲಿ ಬರೆದುಕೊಡಬೇಕೆಂಬುದು ನನ್ನ ಹಟ. ಕೇಳಿ ಬರೆಸಿಕೊಳ್ಳಿ, ಬರೆಯಲು ಒಪ್ಪದಿದ್ದರೆ ಅಲ್ಲಿಯೇ ಪೆಟ್ಟಿಗೆಯ ಮುಚ್ಚಳ ತೆಗೆಸಿ ನೋಡಿ.