ಒಳ್ಳೆ ಕಾಡತೂಸು, ಅದಕ್ಕೊಂದು ಬೀಗ

ಒಂದು ವಸ್ತು, ಒಂದು ಲೆಕ್ಕ | ಈ ವಾರ: 6.5 ಗ್ರೆಂಡೆಲ್

(1/6)

ಬಂದೂಕಿನ ರೀಲ್ಸ್ ನೋಡೋರಿಗೆ ಈ ಜಗಳ ಗೊತ್ತೇ ಇರುತ್ತೆ. 5.56 ಒಳ್ಳೆದಾ, 7.62 ಒಳ್ಳೆದಾ? ಕಮೆಂಟ್‌ನಲ್ಲಿ ನೂರು ಜನ ವೇಗ ಹೇಳ್ತಾರೆ, ಇನ್ನೂರು ಜನ ಶಕ್ತಿ ಹೇಳ್ತಾರೆ. ಒಬ್ರೂ ಬೆಲೆ ಹೇಳಲ್ಲ. ಬಿಕಾಂ ಓದೋ ನನಗೆ ಅದೇ ಕಣ್ಣಿಗೆ ಬೀಳೋದು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಒಂದು ಕಾಡತೂಸು ಎಷ್ಟು ದೂರ ಹೋಗುತ್ತೆ ಅನ್ನೋದನ್ನ ಎಂಜಿನಿಯರ್ ತೀರ್ಮಾನಿಸ್ತಾನೆ. ಆದ್ರೆ ಅದು ಎಷ್ಟು ಜನರ ಕೈಗೆ ಹೋಗುತ್ತೆ ಅನ್ನೋದನ್ನ ತೀರ್ಮಾನಿಸೋದು ಅದರ ಅಳತೆಯ ಕಾಗದ ಯಾರ ಬೀರುವಿನಲ್ಲಿದೆ ಅನ್ನೋದು.

ಮೊದಲು ಪದ ಸರಿ ಮಾಡ್ಕೊಳ್ಳೋಣ. ಕಾಡತೂಸು ಅಂದ್ರೆ ಬರೀ ಗುಂಡಲ್ಲ. ಹಿತ್ತಾಳೆ ಕೊಳವೆ, ಒಳಗೆ ಮದ್ದು, ತಳದಲ್ಲಿ ಕಿಡಿ ಹೊತ್ತಿಸೋ ಪ್ರೈಮರ್, ತುದಿಯಲ್ಲಿ ಗುಂಡು. ಈ ನಾಲ್ಕೂ ಸೇರಿದ್ರೆ ಕಾಡತೂಸು. ಪಿಸ್ತೂಲಿನದಕ್ಕಿಂತ ಬಲವಾದದ್ದು, ಹಳೇ ಕಾಲದ ದೊಡ್ಡ ರೈಫಲ್‌ನದಕ್ಕಿಂತ ಚಿಕ್ಕದು, ಇಂಥದ್ದಕ್ಕೆ ಮಧ್ಯಮ ಕಾಡತೂಸು ಅಂತಾರೆ. ಎಕೆ-47ರ 7.62×39 ಆ ಗುಂಪಿನದು. ಅಮೆರಿಕದ 5.56×45 ಕೂಡ. ಇವತ್ತಿನ ಕಥೆಯ 6.5 ಗ್ರೆಂಡೆಲ್ ಸಹ ಅದೇ ಗುಂಪು.

(2/6)

ಎಆರ್-15 ಅಮೆರಿಕದಲ್ಲಿ ಮನೆಮಾತಾದ ರೈಫಲ್. ಮೂಲತಃ 5.56ಕ್ಕೆ ಮಾಡಿದ್ದು. ಅದರ ಮ್ಯಾಗಜೀನ್ ಒಳಗೆ ಸುಮಾರು 57 ಮಿಲಿಮೀಟರ್ ಉದ್ದದ ಕಾಡತೂಸು ಮಾತ್ರ ಹಿಡಿಸುತ್ತೆ. ಹೊಸ ರೈಫಲ್ ಕೊಳ್ಳದೆ ಇದ್ದದ್ದರಲ್ಲೇ ಬಲ ಹೆಚ್ಚಿಸಬೇಕು ಅಂದ್ರೆ ಏನೇ ಮಾಡಿದ್ರೂ ಆ 57ರೊಳಗೆ ಮಾಡಬೇಕು. ಅಂದ್ರೆ ಸೈಟು ಅಷ್ಟೇ, ಮನೆ ಮಾತ್ರ ದೊಡ್ಡದು ಬೇಕು.

2003ರಲ್ಲಿ ಅಲೆಕ್ಸಾಂಡರ್ ಆರ್ಮ್ಸ್‌ನ ಬಿಲ್ ಅಲೆಕ್ಸಾಂಡರ್ ಮುಂದಿಟ್ಟ ಉತ್ತರವೇ ಗ್ರೆಂಡೆಲ್. ಫಿನ್‌ಲ್ಯಾಂಡಿನ ಲಾಪುವಾ ಕಂಪನಿಯ ನೆರವೂ ಇತ್ತು. ಕೊಳವೆಯನ್ನ ಉದ್ದ ಮಾಡಲಿಲ್ಲ, ಗಿಡ್ಡವಾಗಿ ದಪ್ಪ ಮಾಡಿದ್ರು. ಅದರ ವಂಶ ಮಜವಾಗಿದೆ. ಸೋವಿಯತ್‌ನ 7.62×39ರಿಂದ .220 ರಷ್ಯನ್ ಅನ್ನೋ ಸ್ಪರ್ಧೆಯ ಕಾಡತೂಸು ಹುಟ್ಟಿತು, ಅದರಿಂದ ಅಮೆರಿಕದ ಗುರಿಕಾರರ ಪಿಪಿಸಿ, ಆಮೇಲೆ ಗ್ರೆಂಡೆಲ್. ಅಮೆರಿಕದ ರೈಫಲ್‌ಗೆ ರಷ್ಯಾದ ಮೊಮ್ಮಗ.

ಲೆಕ್ಕ ನೋಡಿ. 7.62×39ರ ಸಾಮಾನ್ಯ ಗುಂಡು ಸುಮಾರು 8 ಗ್ರಾಂ. ಗ್ರೆಂಡೆಲ್‌ನ ಹೆಸರಾಂತ ಗುಂಡೂ 8 ಗ್ರಾಮೇ. ಆದ್ರೆ ಮೊದಲನೆಯದರ ದಪ್ಪ 7.9 ಮಿಲಿಮೀಟರ್, ಇದರದ್ದು 6.7. ತೂಕ ಒಂದೇ, ಮೈ ಸಪೂರ, ಉದ್ದ ಜಾಸ್ತಿ. ಗಾಳಿಯನ್ನ ಸೀಳೋ ಗುಣಕ್ಕೆ ಕೊಡೋ ಅಂಕ ಅದಕ್ಕೆ ಸುಮಾರು 0.3, ಇದಕ್ಕೆ 0.5. ಹೊರಡುವಾಗಿನ ಶಕ್ತಿ 5.56ಕ್ಕೆ ಸುಮಾರು 1,750 ಜೂಲ್, ಗ್ರೆಂಡೆಲ್‌ಗೆ ಉದ್ದ ನಳಿಕೆಯಲ್ಲಿ 2,450ರ ಆಸುಪಾಸು. ಕಾಗದದ ಮೇಲೆ ಇದು ಗೆದ್ದ ಕುದುರೆ.

ನಷ್ಟದ ಕಾಲಮ್ಮೂ ಇದೆ, ಮುಚ್ಚಿಡಬಾರದು. ಕೊಳವೆ ದಪ್ಪ ಆದ್ರೆ ಅದನ್ನ ಹಿಡಿಯೋ ಬೋಲ್ಟ್‌ನ ಬಾಯಿ ಅಗಲ ಆಗ್ಬೇಕು, ಅಂಚು ತೆಳ್ಳಗಾಗುತ್ತೆ. ಅದಕ್ಕೇ .223 ರೆಮಿಂಗ್ಟನ್‌ಗೆ 55,000 ಪಿಎಸ್‌ಐ ಒತ್ತಡದ ಮಿತಿ ಇದ್ರೆ ಗ್ರೆಂಡೆಲ್‌ಗೆ 52,000. ಮ್ಯಾಗಜೀನ್ ಬೇರೆ ಬೇಕು, ಅದರಲ್ಲಿ ಹಿಡಿಸೋ ಕಾಡತೂಸೂ ಕಡಿಮೆ.

(3/6)

ಇಷ್ಟು ಒಳ್ಳೆ ವಸ್ತು ಮಾರುಕಟ್ಟೆಗೆ ಬಂತು. ಆಮೇಲೆ?

ಗ್ರೆಂಡೆಲ್ ಅನ್ನೋ ಹೆಸರು ಅಲೆಕ್ಸಾಂಡರ್ ಆರ್ಮ್ಸ್‌ನ ಟ್ರೇಡ್‌ಮಾರ್ಕ್ ಆಗಿತ್ತು. ಬೇರೆಯವರು ಆ ಹೆಸರಲ್ಲಿ ರೈಫಲ್ ಮಾರಬೇಕಂದ್ರೆ ಅವರ ಒಪ್ಪಿಗೆ ಬೇಕು. ಹಾಗಾಗಿ ಲೆಸ್ ಬೇರ್ ಅನ್ನೋ ತಯಾರಕ ಹೆಚ್ಚುಕಡಿಮೆ ಅದನ್ನೇ .264 ಎಲ್‌ಬಿಸಿ-ಎಆರ್ ಅಂತ ಬೇರೆ ಹೆಸರಿಟ್ಟು ಮಾರಿದ. ಈಗ ಕೊಳ್ಳೋನ ಕಡೆಯಿಂದ ಯೋಚಿಸಿ. ರೈಫಲ್ ಮೇಲೆ ಒಂದು ಹೆಸರು, ಕಾಡತೂಸಿನ ಡಬ್ಬಿ ಮೇಲೆ ಇನ್ನೊಂದು. ಎರಡೂ ಒಂದಕ್ಕೊಂದು ಆಗುತ್ತಾ ಅಂತ ಅಂಗಡಿಯವನನ್ನ ಕೇಳಬೇಕು. ಹಾಲು ತರೋ ವಿಷಯ ಅಲ್ಲ ಇದು. ತಪ್ಪು ಕಾಡತೂಸು ಹಾಕಿದ್ರೆ ರೈಫಲ್ ಮುಖದ ಪಕ್ಕದಲ್ಲೇ ಒಡೆಯಬಹುದು.

ಅಮೆರಿಕದಲ್ಲಿ ಬಂದೂಕು ಮತ್ತು ಕಾಡತೂಸು ತಯಾರಕರದ್ದೇ ಒಂದು ಸಂಸ್ಥೆ ಇದೆ, ಹೆಸರು ಸಾಮಿ, 1926ರಿಂದ ಇದೆ. ಅದು ಒಂದು ಅಳತೆಯನ್ನ ಒಪ್ಪಿ ಪ್ರಕಟಿಸಿದ್ರೆ ಯಾರು ಬೇಕಾದ್ರೂ ಧೈರ್ಯವಾಗಿ ಆ ಅಳತೆಗೆ ಮಾಡಬಹುದು. ಗ್ರೆಂಡೆಲ್‌ಗೆ ಆ ಮುದ್ರೆ ಬಿದ್ದದ್ದು 2011ರಲ್ಲಿ, ಹೆಸರಿನ ಹಿಡಿತ ಬಿಟ್ಟ ಮೇಲೆ. ಎಂಟು ವರ್ಷ!

ಬೀಗ ತೆಗೆದ ಮೇಲೆ ಏನಾಯ್ತು ನೋಡಿ. ಜಪಾನಿನ ಹೋವಾ, ಅಮೆರಿಕದ ರೂಗರ್, ಝೆಕ್ ದೇಶದ ಸಿಝಡ್, ಎಲ್ಲರೂ ಇದಕ್ಕೆ ರೈಫಲ್ ಮಾಡಿದ್ರು. ಸರ್ಬಿಯಾ ತನ್ನ ಝಾಸ್ತಾವಾ ಎಂ19 ರೈಫಲ್‌ಗೆ ಇದನ್ನೇ ಆರಿಸಿತು. ಗುಂಡಿನ ಗುಣ ಮೊದಲಿದ್ದದ್ದೇ. ಬದಲಾಗಿದ್ದು ಕಾಗದ.

(4/6)

ಈಗ ಆ ಕಡೆಯವರ ವಾದ ಕೇಳೋಣ. ನ್ಯಾಯ ಅಂದ್ರೆ ನ್ಯಾಯ.

"ಕಷ್ಟಪಟ್ಟು ಕಂಡುಹಿಡಿದೋನು ಅವನು. ಯಾಕೆ ಪುಕ್ಕಟೆ ಬಿಡ್ಬೇಕು? ಹಿಡಿತ ಬಿಟ್ರೆ ಆಳಿಗೊಂದು ಅಳತೆ ಮಾಡಿ ಹೆಸರು ಕೆಡಿಸ್ತಾರೆ."

ಎರಡನೇ ಮಾತಲ್ಲಿ ಹುರುಳಿದೆ. ಅದೇ ಕಾಲದ 6.8 ಎಸ್‌ಪಿಸಿ ನೋಡಿ. ಅಮೆರಿಕದ ಸ್ಪೆಷಲ್ ಫೋರ್ಸಸ್ ಸೈನಿಕರು ರೆಮಿಂಗ್ಟನ್ ಜೊತೆ ಸೇರಿ ಮಾಡಿದ್ದು. ಅದಕ್ಕೆ ಸಾಮಿ ಮುದ್ರೆ ಬೇಗ ಸಿಕ್ಕಿತು. ಆದ್ರೆ ಪ್ರಕಟವಾದ ಚೇಂಬರ್ ಅಳತೆಯಲ್ಲಿ ಗುಂಡಿನ ಮುಂದೆ ಬಿಡಬೇಕಾದ ಜಾಗ ಕಮ್ಮಿ. ಒತ್ತಡ ಏರುತ್ತೆ, ಅದಕ್ಕೆ ಮದ್ದು ಇಳಿಸಬೇಕಾಯ್ತು. ಆಮೇಲೆ ಜಾಗ ಹೆಚ್ಚಿಸಿ ಎಸ್‌ಪಿಸಿ-2 ಅಂತ ಇನ್ನೊಂದು ಅಳತೆ ಬಂತು. ಮಾರುಕಟ್ಟೆಯಲ್ಲಿ ಎರಡೂ ಉಳಿದು ಗೊಂದಲ ಆಯ್ತು. ಅಂದ್ರೆ ಬೀಗ ಇಲ್ಲದಿದ್ರೆ ಸಾಲದು, ಅಳತೆಯೂ ಸರಿ ಇರ್ಬೇಕು.

ಮೊದಲನೇ ಮಾತಿಗೆ ಮಾತ್ರ ನಾನು ಒಪ್ಪಲ್ಲ. 2007ರಲ್ಲಿ ಹಾರ್ನಡಿ ಕಂಪನಿ 6.5 ಕ್ರೀಡ್‌ಮೂರ್ ತಂದಾಗ ಏನ್ ಮಾಡ್ತು ಗೊತ್ತಾ? ಯಾವ ಮದ್ದು, ಎಷ್ಟು ಅಂತ ಡಬ್ಬಿ ಮೇಲೇ ಅಚ್ಚು ಹಾಕಿಸ್ತು. ಹೋಟೆಲ್‌ನವರು ಸಾಂಬಾರ್ ಪುಡಿಯ ಲೆಕ್ಕವನ್ನ ಪಾರ್ಸೆಲ್ ಮೇಲೆ ಬರೆದುಕೊಟ್ಟ ಹಾಗೆ! ಅದು ದೊಡ್ಡ ರೈಫಲ್‌ಗಳ ಕಾಡತೂಸು, ಗ್ರೆಂಡೆಲ್‌ಗೆ ನೇರ ಪ್ರತಿಸ್ಪರ್ಧಿ ಅಲ್ಲ, ಅದು ಗೆದ್ದಿದ್ದಕ್ಕೆ ಬೇರೆ ಕಾರಣಗಳೂ ಇವೆ. ಆದ್ರೂ ಲೆಕ್ಕ ಬಿಚ್ಚಿಟ್ಟ ಹಾರ್ನಡಿ ದಿವಾಳಿ ಆಗಲಿಲ್ಲ. ಎಲ್ಲರೂ ಅದಕ್ಕೆ ರೈಫಲ್ ಮಾಡಿದ್ರು, ಆ ರೈಫಲ್‌ಗಳಿಗೆ ಕಾಡತೂಸು ಮಾರಿ ಹಾರ್ನಡಿಯೂ ದುಡಿಯಿತು. 2020ರಲ್ಲಿ ಗ್ರೆಂಡೆಲ್‌ನ ಕೊಳವೆಯನ್ನೇ ಆಧಾರ ಮಾಡ್ಕೊಂಡು 6 ಎಂಎಂ ಎಆರ್‌ಸಿ ತಂದದ್ದೂ ಅದೇ ಹಾರ್ನಡಿ, ಈ ಸಲ ಮೊದಲಿಂದಲೇ ಸಾಮಿ ಮುದ್ರೆ ಸಮೇತ. ದಾರಿ ಮಾಡಿದವರು ಒಬ್ರು, ಬಸ್ ಓಡಿಸಿದವರು ಇನ್ನೊಬ್ರು.

(5/6)

ಇದರಿಂದ ಯಾರಿಗೆ ಏನು ನಷ್ಟ? ಇಂಥ ಕಾಡತೂಸುಗಳ ಜಾಹೀರಾತಲ್ಲಿ ಮೂರು ಪದ ಒಟ್ಟಿಗೇ ಬರುತ್ತೆ: ಬೇಟೆ, ಸ್ಪರ್ಧೆ, ಪೊಲೀಸ್-ಸೈನ್ಯ. ಮೂವರ ಅಗತ್ಯವೂ ಬೇರೆ. ಬೇಟೆಗಾರನಿಗೆ ಬೇಕಿರೋದು ಮೊದಲ ಒಂದು ಗುಂಡು. ಸ್ಪರ್ಧಿಗೆ ನೂರು ಗುಂಡೂ ಒಂದೇ ಥರ ಇರ್ಬೇಕು. ಸೈನ್ಯಕ್ಕೆ ಲಕ್ಷಗಟ್ಟಲೆ ಬೇಕು, ಅದೂ ಒಂದೇ ಅಂಗಡಿಯನ್ನ ನಂಬದೆ.

ಆದ್ರೆ ಮೂವರಿಗೂ ಬೇಕಾದ ಒಂದು ವಿಷಯ ಇದೆ: ಅಭ್ಯಾಸ. ಅಭ್ಯಾಸಕ್ಕೆ ಅಗ್ಗದ ಕಾಡತೂಸು ಬೇಕು. ಅಗ್ಗ ಆಗಬೇಕಂದ್ರೆ ಹೆಚ್ಚು ಜನ ತಯಾರಿಸಬೇಕು, ಹೆಚ್ಚು ತಯಾರಾಗಬೇಕು. ಅಚ್ಚು, ಯಂತ್ರ, ಪರೀಕ್ಷೆ, ಇವೆಲ್ಲ ಸ್ಥಿರ ವೆಚ್ಚ. ಅದನ್ನ ಹತ್ತು ಸಾವಿರಕ್ಕೆ ಹಂಚೋದಕ್ಕೂ ಹತ್ತು ಲಕ್ಷಕ್ಕೆ ಹಂಚೋದಕ್ಕೂ ವ್ಯತ್ಯಾಸ ಇಲ್ವಾ? ಮೊದಲ ಸೆಮಿಸ್ಟರ್ ಪಾಠ ಇದು.

ಗ್ರೆಂಡೆಲ್‌ಗೆ ರಷ್ಯಾದ ವುಲ್ಫ್ ಬ್ರ್ಯಾಂಡಿನ ಉಕ್ಕಿನ ಕೊಳವೆಯ ಅಗ್ಗದ ಕಾಡತೂಸು ಬಂದಾಗ ಜನ ಧಾರಾಳವಾಗಿ ಅಭ್ಯಾಸ ಮಾಡಿದ್ರು. 2021ರಲ್ಲಿ ರಷ್ಯಾದ ಕಾಡತೂಸು ಆಮದಿಗೆ ಹೊಸ ಪರವಾನಗಿ ಕೊಡೋದನ್ನ ಅಮೆರಿಕ ನಿಲ್ಲಿಸಿತು, ಆ ಬಾಗಿಲು ಮುಚ್ಚುತ್ತಾ ಬಂತು. ಅಗ್ಗದ ಮೂಲ ಬೆರಳೆಣಿಕೆಯಷ್ಟೇ ಇದ್ರೆ ಆಗೋದು ಹೀಗೇ.

ಅಭ್ಯಾಸ ಇಲ್ಲದ ಬೇಟೆಗಾರ ಡಬ್ಬಿ ಮೇಲಿನ ಅಂಕಿ ನಂಬಿ ದೂರದ ಜಿಂಕೆಗೆ ಹೊಡೀತಾನೆ. ಗುಂಡು ತಲುಪುತ್ತೆ, ಬೀಳಬೇಕಾದ ಜಾಗಕ್ಕೆ ಬೀಳಲ್ಲ. ಜಿಂಕೆ ಗಾಯ ಹೊತ್ತು ಓಡಿ ಎಲ್ಲೋ ನರಳಿ ಸಾಯುತ್ತೆ. ಬೇಟೆ ಬೇಕಾ ಬೇಡವಾ ಅನ್ನೋದು ಬೇರೆ ಚರ್ಚೆ, ಕಾನೂನು ಬಿಟ್ಟಿರೋ ದೇಶದಲ್ಲಿ ಅದು ನಡೀತಾ ಇರುತ್ತೆ. ನಡೆಯೋದಾದ್ರೆ ನೋವು ಕಮ್ಮಿ ಆಗ್ಬೇಕು ತಾನೇ? ಅದಕ್ಕೆ ಇನ್ನೂ ನೂರು ಜೂಲ್ ಸೇರಿಸೋದಕ್ಕಿಂತ ಪ್ರತಿ ವಾರ ಗುರಿ ಅಭ್ಯಾಸಕ್ಕೆ ಕೈಗೆಟುಕೋ ಬೆಲೆ ಮುಖ್ಯ ಅನ್ನೋದು ನನ್ನ ವಾದ.

(6/6)

"ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಪ್ರಕಾರ ಬೇಟೆಯೇ ಅಪರಾಧ, ನಮಗ್ಯಾಕೆ ಇದು?" ಅಂತೀರಾ?

ಎರಡು ಕಾರಣ. ಒಂದು, ಅಮೇಠಿಯ ಕೊರ್ವಾದಲ್ಲಿ ನಮ್ಮ ಸೈನ್ಯಕ್ಕೆ 6 ಲಕ್ಷಕ್ಕೂ ಹೆಚ್ಚು ಎಕೆ-203 ರೈಫಲ್ ಮಾಡೋ ಯೋಜನೆ ನಡೀತಿದೆ. ಅದರ ಕಾಡತೂಸು ಯಾವುದು? ಅದೇ 7.62×39, ಗ್ರೆಂಡೆಲ್‌ನ ಅಜ್ಜ. 1943ರ ವಿನ್ಯಾಸ. ದೂರದ ಗುರಿಗೆ ಮೊಮ್ಮಗನೇ ಮೇಲು. ಆದ್ರೆ ಅಜ್ಜನನ್ನ ಮಾಡೋ ಕಾರ್ಖಾನೆಗಳು ಎಷ್ಟೋ ದೇಶಗಳಲ್ಲಿವೆ. ಒಬ್ಬ ಕೊಡಲ್ಲ ಅಂದ್ರೆ ಇನ್ನೊಬ್ಬ ಕೊಡ್ತಾನೆ. ಯುದ್ಧದ ಹೊತ್ತಲ್ಲಿ ಆ ಧೈರ್ಯಕ್ಕೆ ಬೆಲೆ ಕಟ್ಟೋಕೆ ಆಗಲ್ಲ.

ಎರಡು, ನಿಮ್ಮ ಜೇಬಲ್ಲೇ ಉದಾಹರಣೆ ಇದೆ. ಯುಪಿಐ 2016ರಲ್ಲಿ ಬಂತು. ನಿಮ್ಮ ಆ್ಯಪ್ ಯಾವುದೋ, ತರಕಾರಿ ಅಂಗಡಿಯ ಅಕ್ಕನ ಬ್ಯಾಂಕ್ ಯಾವುದೋ, ದುಡ್ಡು ಹೋಗುತ್ತೆ. ಆ್ಯಪ್‌ಗಳ ಹೆಸರು ಅವರವರ ಸ್ವತ್ತು, ದಾರಿ ಮಾತ್ರ ಎಲ್ಲರದ್ದು. ಆ ದಾರಿಯನ್ನ ಯಾವುದೋ ಒಂದು ಆ್ಯಪ್ ಎಂಟು ವರ್ಷ ತನ್ನ ಹೆಸರಲ್ಲೇ ಇಟ್ಕೊಂಡಿದ್ರೆ ಅಕ್ಕನ ಗಾಡಿ ಮೇಲೆ ಇವತ್ತು ಎಷ್ಟು ಕ್ಯೂಆರ್ ಸ್ಟಿಕ್ಕರ್ ಇರ್ತಿತ್ತು, ಹೇಳಿ.

ಕಂಡುಹಿಡಿದವರಿಗೆ ಗೌರವ ಸಿಗ್ಬೇಕು, ದುಡ್ಡೂ ಸಿಗ್ಬೇಕು. ಹೆಸರನ್ನ ಕಾಪಾಡ್ಕೊಳ್ಳಿ, ಗುಣಮಟ್ಟಕ್ಕೆ ಹೆಚ್ಚು ಬೆಲೆ ಕೇಳಿ, ಯಾರೂ ಬೇಡ ಅನ್ನಲ್ಲ. ಅಳತೆಯನ್ನ ಮಾತ್ರ ಸರಿಯಾಗಿ ಬರೆದು ಊರ ಮುಂದೆ ಇಡಿ. ನಮ್ಮ ಕ್ಲಾಸಲ್ಲೇ ಸ್ಟಾರ್ಟಪ್ ಕನಸು ಕಾಣೋರು ಹತ್ತು ಜನ ಇದ್ದಾರೆ, ಇದನ್ನ ಓದೋರಲ್ಲೂ ಇರ್ತೀರಿ. ನೀವಾಗಿದ್ರೆ ಬೀಗ ಯಾವುದಕ್ಕೆ ಹಾಕ್ತಿದ್ರಿ? ಕಮೆಂಟ್‌ನಲ್ಲಿ ಬರೀರಿ. ಒಪ್ಪದಿದ್ರೂ ಬರೀರಿ, ಕಾರಣ ಸಮೇತ.

#ಒಂದುವಸ್ತುಒಂದುಲೆಕ್ಕ #ಕನ್ನಡದಲ್ಲಿಕಾಮರ್ಸ್ #ಗ್ರೆಂಡೆಲ್ #ಬಿಕಾಂ