ಹೊಳೆಯ ಮೇಲ್ಗಡೆ ನಿಂತವರು

ರಾಮನಾಥಪುರದ ಸೋಪಾನಗಳ ಮೇಲೆ ಕುಳಿತು ಕಾವೇರಿಯ ಮೀನುಗಳಿಗೆ ಪುರಿ ಎರಚಿದವರು ನಾಡಿನಲ್ಲಿ ಅನೇಕರಿದ್ದಾರೆ. ರಾಮೇಶ್ವರನ ದರ್ಶನಕ್ಕೆ ಬಂದವರು, ಸುಬ್ರಹ್ಮಣ್ಯನ ಷಷ್ಠಿಗೆ ಬಂದವರು, ಹೊಗೆಸೊಪ್ಪಿನ ಹರಾಜಿಗೆಂದು ಬಂದು ಹೊತ್ತು ಮಿಕ್ಕವರು, ಯಾರೇ ಆಗಲಿ ಒಮ್ಮೆ ಹೊಳೆಗಿಳಿಯದೆ ಊರು ಬಿಡುವುದು ಅಪರೂಪ. ಹೊಳೆದಂಡೆಯ ಊರುಗಳಲ್ಲೆಲ್ಲ ಯಾರೂ ಬರೆದು ತೂಗುಹಾಕದ ಒಂದು ಮರ್ಯಾದೆಯುಂಟು. ಹರಿವಿನ ಮೇಲ್ಗಡೆ ನಿಂತವನು ಬಟ್ಟೆಯನ್ನು ನೀರಿಗೆ ಅದ್ದುವ ಮುನ್ನ ಕೆಳಗಡೆಗೊಮ್ಮೆ ತಿರುಗಿ ನೋಡುತ್ತಾನೆ. ಅಲ್ಲಿ ಯಾರಾದರೂ ಮುಳುಗು ಹಾಕುತ್ತಿದ್ದರೆ, ಬಿಂದಿಗೆ ತುಂಬುತ್ತಿದ್ದರೆ, ಕ್ಷಣಕಾಲ ತಡೆಯುತ್ತಾನೆ. ಅದಕ್ಕಾಗಿ ಅವನನ್ನು ಯಾರೂ ತ್ಯಾಗಿಯೆಂದು ಹೊಗಳುವುದಿಲ್ಲ. ಹಾಗೆ ಮಾಡದವನನ್ನು ಮಾತ್ರ ಮನುಷ್ಯನೇ ಎಂದು ಕೇಳುತ್ತಾರೆ.

2020ರಲ್ಲಿ ಬಂದ ಕೊರೊನಾ ವ್ಯಾಧಿ ನೀರಿನದಲ್ಲ, ಗಾಳಿಯದು. ನೀರಿನ ಹರಿವು ಕಣ್ಣಿಗೆ ಕಾಣುತ್ತದೆ. ಉಸಿರಿನ ಹರಿವಿನಲ್ಲಿ ಯಾರು ಮೇಲ್ಗಡೆ ನಿಂತಿದ್ದಾರೆ, ಯಾರು ಕೆಳಗಡೆ ಎಂಬುದು ಯಾರಿಗೂ ತೋರುವುದಿಲ್ಲ. ಆ ವರ್ಷಗಳ ಜಗಳಗಳಲ್ಲಿ ಬಹುಪಾಲು ಹುಟ್ಟಿದ್ದು ಇಲ್ಲಿಯೇ.

ಆ ಜಗಳವನ್ನು ತಿಳಿಯುವುದಕ್ಕೆ ಇಬ್ಬರನ್ನು ಇಲ್ಲಿ ಕಲ್ಪಿಸಿಕೊಳ್ಳಬಹುದು. ಒಬ್ಬರು ನಿವೃತ್ತರಾದ ಮೇಷ್ಟರು. ಮತ್ತೊಬ್ಬರು ಬಸ್ ನಿಲ್ದಾಣದ ಎದುರಿಗೆ ದಿನಸಿ ಅಂಗಡಿ ಇಟ್ಟವರು. ಅವರಿಗೆ ಹೆಸರು ಬೇಡ. ರಾಮನಾಥಪುರವಾಗಲಿ, ಅರಕಲಗೂಡಾಗಲಿ, ಹೊಳೆನರಸೀಪುರವಾಗಲಿ, ಚನ್ನರಾಯಪಟ್ಟಣವಾಗಲಿ, ಆ ವರ್ಷ ಎಲ್ಲಿ ಹುಡುಕಿದ್ದರೂ ಇಂಥ ಜೋಡಿ ಸಿಕ್ಕುತ್ತಿತ್ತು. ಮೇಷ್ಟರ ಮನೆಯವರಿಗೆ ಮೂತ್ರಪಿಂಡದ ಕಾಯಿಲೆ; ವಾರಕ್ಕೆರಡು ಸಲ ಡಯಾಲಿಸಿಸ್ಸಿಗೆಂದು ಹಾಸನಕ್ಕೆ ಹೋಗಿಬರಬೇಕು. ಅಂಗಡಿಯವರ ತಮ್ಮನಿಗೆ ಮುಂಬಯಿಯ ಹೋಟೆಲೊಂದರಲ್ಲಿ ಕೆಲಸ. ಇಬ್ಬರೂ ಒಳ್ಳೆಯವರು. ಒಳ್ಳೆಯವರ ನಡುವಿನ ಜಗಳವೇ ಬಗೆಹರಿಯುವುದು ಕಷ್ಟ.

ಭಾರತದಲ್ಲಿ ಈ ವ್ಯಾಧಿಯಿಂದಾದ ಮೊದಲ ಮರಣ ಕರ್ನಾಟಕದಲ್ಲಿಯೇ ಆಯಿತು. 2020ರ ಮಾರ್ಚ್ 10ರಂದು, ಸೌದಿ ಅರೇಬಿಯದಿಂದ ಮರಳಿದ್ದ ಕಲಬುರಗಿಯ 76 ವರ್ಷದ ವೃದ್ಧರೊಬ್ಬರು ತೀರಿಕೊಂಡರು. ಮಾರ್ಚ್ 25ರಿಂದ ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು. ಹೊರದೇಶದಿಂದ ಬಂದವರ ಕೈಗೆ ಅಳಿಸದ ಮಸಿಯ ಮುದ್ರೆ ಬಿತ್ತು. ಹಾಸನ ಜಿಲ್ಲೆಗೆ ಮಾತ್ರ ಆ ಏಪ್ರಿಲ್ ತಿಂಗಳೆಲ್ಲ ಸೋಂಕು ಕಾಲಿಡಲಿಲ್ಲ. ಹಸಿರು ವಲಯದವರು ಎಂಬ ಹೆಮ್ಮೆ ಜನರ ಮಾತಿನಲ್ಲಿ ಇಣುಕುತ್ತಿತ್ತು. ಮೇ 12ರಂದು ಆ ಹೆಮ್ಮೆ ಮುರಿಯಿತು. ಮುಂಬಯಿಯಿಂದ ಚನ್ನರಾಯಪಟ್ಟಣ ತಾಲ್ಲೂಕಿಗೆ ಮರಳಿದವರಲ್ಲಿ ಜಿಲ್ಲೆಯ ಮೊದಲ ಪ್ರಕರಣಗಳು ಕಂಡುಬಂದವು. “ಮುಂಬಯಿ ನಂಜು” ಎಂಬ ಮಾತು ಸುದ್ದಿಯಲ್ಲಿ ಹುಟ್ಟಿ ಜಗಲಿ ಜಗಲಿಗೂ ಹಬ್ಬಿತು. ಮೇ 18ರಂದು ರಾಜ್ಯ ಸರ್ಕಾರವು ಮಹಾರಾಷ್ಟ್ರ, ಗುಜರಾತ್, ತಮಿಳುನಾಡು, ಕೇರಳಗಳಿಂದ ಬರುವವರಿಗೆ ತಿಂಗಳ ಕೊನೆಯವರೆಗೆ ಪ್ರವೇಶವಿಲ್ಲವೆಂದು ಸಾರಿತು.

ನಂಜು ಎಂಬುದು ಕ್ರಿಮಿಗೆ ಒಪ್ಪುವ ಪದ. ಅದನ್ನು ಊರಿನ ಹೆಸರಿಗೆ ಸೇರಿಸಿದ ಕೂಡಲೆ ಅದು ಮನುಷ್ಯನಿಗೆ ಅಂಟಿಕೊಂಡಿತು. ಕೆಲಸ ಹೋಗಿ, ಕೈಯಲ್ಲಿದ್ದ ಕಾಸು ಮುಗಿದು, ಹುಟ್ಟಿದೂರೊಂದಾದರೂ ಇದೆಯೆಂದು ಹೊರಟುಬಂದವರು ಒಂದೇ ರಾತ್ರಿಯಲ್ಲಿ ರೋಗದ ಮತ್ತೊಂದು ಹೆಸರಾದರು. ಅಂಗಡಿಯವರ ತಮ್ಮನೂ ಹಾಗೆಯೇ ಬಂದ. ಅವನನ್ನು ಹದಿನಾಲ್ಕು ದಿನ ಊರ ಶಾಲೆಯಲ್ಲಿ ಇರಿಸುವುದೆಂದಾದಾಗ ಬೇಡವೆಂದವರಲ್ಲಿ ಮೇಷ್ಟರೇ ಮೊದಲಿಗರು.

“ಸಾಹುಕಾರರೇ, ಹುಡುಗನ ಮೇಲೆ ನನಗೇನೂ ದ್ವೇಷವಿಲ್ಲ. ನನ್ನ ಕೈಯಲ್ಲೇ ಅಕ್ಷರ ಕಲಿತವನು. ಆದರೆ ಶಾಲೆ ಊರ ನಡುವೆ ಇದೆ. ಸುತ್ತ ಮುದುಕರು, ಕಾಯಿಲೆಯವರು ಇದ್ದಾರೆ. ಬೇರೆ ಎಲ್ಲಾದರೂ ಇರಿಸಲಿ.”

“ಬೇರೆ ಎಲ್ಲಾದರೂ ಅಂದರೆ ಎಲ್ಲಿ, ಮೇಷ್ಟ್ರೇ? ಅಲ್ಲಿಯೂ ಒಂದು ಊರು ಇರುತ್ತದಲ್ಲ?”

ಮೇಷ್ಟರಲ್ಲಿ ಉತ್ತರವಿರಲಿಲ್ಲ. ಹುಡುಗ ಶಾಲೆಯಲ್ಲಿಯೇ ಉಳಿದ. ಅವನ ತಾಯಿ ದಿನವೂ ಬುತ್ತಿಯನ್ನು ತಂದು ಕಾಂಪೌಂಡಿನ ಗೋಡೆಯ ಮೇಲಿಟ್ಟು, ಹತ್ತು ಮಾರು ಹಿಂದೆ ಸರಿದು ನಿಂತು, ಅವನು ಉಂಡು ಮುಗಿಸುವವರೆಗೆ ನೋಡಿ ಹೋಗುತ್ತಿದ್ದಳು. ಹದಿನಾಲ್ಕು ದಿನ ಕಳೆಯಿತು. ಪರೀಕ್ಷೆಯಲ್ಲಿ ಸೋಂಕಿಲ್ಲವೆಂದಾಯಿತು. ಆದರೂ ಅವನು ಬೀದಿಯಲ್ಲಿ ಬಂದರೆ ಜನ ಆಚೆ ಬದಿಗೆ ದಾಟುತ್ತಿದ್ದರು.

ಅವನನ್ನು ಬೇರೆ ಇರಿಸಿದ್ದು ತಪ್ಪೇ? ಅಲ್ಲ. ಸೋಂಕು ತಗಲಿದವನು ಕೆಮ್ಮು ಜ್ವರಗಳು ಕಾಣಿಸುವುದಕ್ಕೆ ಒಂದೆರಡು ದಿನ ಮೊದಲೇ ಇತರರಿಗೆ ಹರಡಬಲ್ಲನೆಂಬುದು ಈ ವ್ಯಾಧಿಯ ವೈಶಿಷ್ಟ್ಯ. ಕೆಲವರಿಗೆ ಲಕ್ಷಣವೇ ಕಾಣದೆ ಹೋಗಬಹುದು. ಪ್ರತ್ಯೇಕವಾಸ ಅಗತ್ಯವಾಗಿತ್ತು. ಆದರೆ ಬೇರೆ ಇರಿಸುವುದು ಒಂದು, ಹೊರಗೆ ಹಾಕುವುದು ಮತ್ತೊಂದು. ಬೇರೆ ಇರಿಸಿದವನಿಗೆ ಬಿಸಿನೀರುಂಟೆ, ಹೊದಿಕೆಯುಂಟೆ, ಮಾತನಾಡಿಸುವವರುಂಟೆ ಎಂದು ಕೇಳುವ ಹೊಣೆ ಇರಿಸಿದವರದು. ಆ ಹೊಣೆಯನ್ನು ಬಿಟ್ಟ ಎಚ್ಚರಿಕೆ ಬಹಿಷ್ಕಾರವಾಗುತ್ತದೆ.

ಮಳೆಗಾಲ ಕಳೆಯಿತು. ಅಂಗಡಿಗಳು ತೆರೆದವು. ಈಗ ಜಗಳದ ವಸ್ತು ಬದಲಾಯಿತು. 2020ರ ಅಕ್ಟೋಬರಿನ ಆರಂಭದಲ್ಲಿ, ಮುಖಗವಸು ಹಾಕದವರಿಗೆ ನಗರಗಳಲ್ಲಿ 1000 ರೂಪಾಯಿ, ಗ್ರಾಮಾಂತರದಲ್ಲಿ 500 ರೂಪಾಯಿ ದಂಡವೆಂದು ಸರ್ಕಾರ ವಿಧಿಸಿತು. ಜನರ ಕೋಪ ಎದ್ದಿತು. ಕೆಲವೇ ದಿನಗಳಲ್ಲಿ ಅದು 250 ಮತ್ತು 100 ರೂಪಾಯಿಗೆ ಇಳಿಯಿತು. ದಿನಕ್ಕೆ ಮುನ್ನೂರು ದುಡಿಯುವವನಿಗೆ ಐನೂರರ ದಂಡ ಅನ್ಯಾಯವೆಂಬ ಮಾತಿನಲ್ಲಿ ಹುರುಳಿತ್ತು. ಆದರೆ ದಂಡ ಇಳಿದುದನ್ನೇ ಅಪಾಯ ಇಳಿದುದೆಂದು ತಿಳಿದವರು ಅನೇಕರು. ಮುಖಗವಸು ಗಲ್ಲಕ್ಕೆ ಇಳಿಯಿತು. ಪೊಲೀಸರನ್ನು ಕಂಡಾಗ ಮೂಗಿಗೇರಿತು. ಅಂಗಡಿಯವರು ಅದನ್ನು ಗಲ್ಲೆಯ ಪಕ್ಕದ ಮೊಳೆಗೆ ತೂಗುಹಾಕಿದರು.

ಒಂದು ದಿನ ಮೇಷ್ಟರು ಸಕ್ಕರೆಗೆಂದು ಹೋಗಿ ಮೆಟ್ಟಿಲ ಕೆಳಗೇ ನಿಂತರು.

“ಸಾಹುಕಾರರೇ, ಅದನ್ನು ಸ್ವಲ್ಪ ಮುಖಕ್ಕೆ ಹಾಕಿಕೊಳ್ಳಬಾರದೆ? ಮನೆಯಲ್ಲಿ ಅವಳ ಸ್ಥಿತಿ ನಿಮಗೆ ತಿಳಿದೇ ಇದೆ.”

ಅಂಗಡಿಯವರು ತಕ್ಕಡಿಯಿಂದ ಕಣ್ಣೆತ್ತಲಿಲ್ಲ. “ಆವತ್ತು ನನ್ನ ತಮ್ಮ ಊರಿಗೆ ಬೇಡವಾದ. ಇವತ್ತು ನಿಮ್ಮ ಮನೆಯವರಿಗೋಸ್ಕರ ಊರೆಲ್ಲ ಮೂಗು ಕಟ್ಟಿಕೊಳ್ಳಬೇಕೆ, ಮೇಷ್ಟ್ರೇ?”

ಆ ವರ್ಷಗಳ ವಾದವೆಲ್ಲ ಈ ಒಂದು ಪ್ರಶ್ನೆಯಲ್ಲಿ ಅಡಗಿದೆ. ನಿನ್ನ ಕಷ್ಟಕ್ಕೆ ನಾನೇಕೆ ಮರುಗಲಿ, ನನ್ನದಕ್ಕೆ ನೀನು ಮರುಗಿದೆಯಾ? ಮೇಲ್ನೋಟಕ್ಕೆ ಮೇಷ್ಟರು ಭಯದ ಪಕ್ಷದವರು, ಅಂಗಡಿಯವರು ಧೈರ್ಯದ ಪಕ್ಷದವರು. ಒಳಹೊಕ್ಕು ನೋಡಿದರೆ ಇಬ್ಬರೂ ಒಂದೇ ಅಳತೆಗೋಲನ್ನು ಹಿಡಿದಿದ್ದರು. ಮೇ ತಿಂಗಳಲ್ಲಿ ಮೇಷ್ಟರು ತಮ್ಮ ಮನೆಯ ಅಪಾಯವನ್ನು ಅಳೆದರು, ಶಾಲೆಯಲ್ಲಿದ್ದ ಹುಡುಗನ ಸಂಕಟವನ್ನು ಅಳೆಯಲಿಲ್ಲ. ಅಕ್ಟೋಬರಿನಲ್ಲಿ ಅಂಗಡಿಯವರು ತಮ್ಮ ಮೂಗಿನ ಸೆಕೆಯನ್ನು ಅಳೆದರು, ಮೆಟ್ಟಿಲ ಕೆಳಗೆ ನಿಂತವರ ಭಯವನ್ನು ಅಳೆಯಲಿಲ್ಲ.

ಇಂಥ ಜಗಳ ಕಾವೇರಿಗೆ ಹೊಸದಲ್ಲ. ರಾಮನಾಥಪುರವನ್ನು ದಾಟಿದ ನದಿ ಇಂದು ಕೃಷ್ಣರಾಜಸಾಗರದಲ್ಲಿ ತಂಗಿ, ಮುಂದೆ ಶ್ರೀರಂಗಪಟ್ಟಣವನ್ನು ದ್ವೀಪವಾಗಿ ಬಳಸಿ ಹರಿಯುತ್ತದೆ. ಆ ದ್ವೀಪದ ಗಂಜಾಮಿನಲ್ಲಿ 1898ರಲ್ಲಿ ಪ್ಲೇಗಿನ ನಿಯಮಗಳ ವಿರುದ್ಧ ಜನ ದಂಗೆಯೆದ್ದರು. ಆ ವರ್ಷದ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರನ್ನು ಮುಟ್ಟಿತ್ತು. 1897ರ ಸಾಂಕ್ರಾಮಿಕ ರೋಗಗಳ ಕಾಯಿದೆ ಅದಾಗಲೇ ಬ್ರಿಟಿಷ್ ಇಂಡಿಯದಲ್ಲಿ ಜಾರಿಯಲ್ಲಿತ್ತು; 2020ರಲ್ಲಿಯೂ ಅಧಿಕಾರಿಗಳ ಕೈಗೆ ಬಂದ ಅಸ್ತ್ರಗಳಲ್ಲಿ ಅದೂ ಒಂದು. ಮನೆಗೆ ನುಗ್ಗಿ ತಪಾಸಣೆ, ರೋಗಿಯನ್ನು ಮನೆಯವರಿಂದ ಅಗಲಿಸಿ ಶಿಬಿರಕ್ಕೆ ಸಾಗಿಸುವುದು, ಇವುಗಳಿಗೆ ವೈದ್ಯಕೀಯ ಕಾರಣವಿತ್ತು. ಜನರು ಕಂಡದ್ದು ಮಾತ್ರ ಕಾರಣವನ್ನಲ್ಲ, ಹೊಸಲು ದಾಟಿದ ಬೂಟುಗಾಲನ್ನು.

ಅದೇ ಕಾಲದ ಮತ್ತೊಂದು ನೆನಪೂ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಉಳಿದಿದೆ. “ಇಲಿ ಬಿತ್ತು” ಎಂದು ತಿಳಿದೊಡನೆ ಹಳ್ಳಿಯ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಿದ್ದರು. ಮನೆ ಬಿಡುವುದು ಮುಖಗವಸು ತೊಡುವುದಕ್ಕಿಂತ ಸಣ್ಣ ಕಷ್ಟವಲ್ಲ. ಅದನ್ನು ಜನ ಸಹಿಸಿದ್ದು ನೆರೆಯವನೂ ಜೊತೆಯಲ್ಲಿ ಹೊರಟನೆಂಬ ಕಾರಣದಿಂದ. ಕಷ್ಟವನ್ನು ಹಂಚಿಕೊಂಡಲ್ಲಿ ನಿಯಮ ನಡೆಯಿತು, ಹೇರಿದಲ್ಲಿ ದಂಗೆಯಾಯಿತು.

ಅಂಗಡಿಯ ಮುಂದಿನಿಂದ ಮೇಷ್ಟರು ಆ ದಿನ ಸಕ್ಕರೆ ಕೊಳ್ಳದೆ ಹಿಂದಿರುಗಿದರು. ಮಾರನೆಯ ಬೆಳಗ್ಗೆ ಅಂಗಡಿಯವರೇ ಮನೆಯ ಬಾಗಿಲಿಗೆ ಬಂದು ಪೊಟ್ಟಣವನ್ನು ಜಗಲಿಯ ಮೇಲಿಟ್ಟು ಹಿಂದೆ ಸರಿದರು. ಮೂಗಿನ ಮೇಲೆ ಬಟ್ಟೆಯಿತ್ತು.

“ನಮ್ಮಿಬ್ಬರ ಲೆಕ್ಕ ಹಾಗೇ ಇರಲಿ, ಮೇಷ್ಟ್ರೇ. ಅಮ್ಮಾವ್ರು ಏನು ತಪ್ಪು ಮಾಡಿದ್ದಾರೆ?”

ಲೆಕ್ಕ ತೀರಲಿ, ಆಮೇಲೆ ಕರುಣೆ ಎಂದು ಕಾದವರಿಗೆ ಕರುಣೆಯ ದಿನ ಬರುವುದೇ ಇಲ್ಲ. ಅಂಗಡಿಯವರು ತಮ್ಮ ನೋವನ್ನು ಮರೆಯಲಿಲ್ಲ. ಅದರ ಬೆಲೆಯನ್ನು ಮೂರನೆಯವರಿಂದ ವಸೂಲು ಮಾಡುವುದನ್ನು ಮಾತ್ರ ಬಿಟ್ಟರು. 2021ರ ಏಪ್ರಿಲ್ 27ರಿಂದ ರಾಜ್ಯ ಮತ್ತೆ ಬಾಗಿಲು ಹಾಕಿತು. ಬೆಂಗಳೂರಿನಿಂದ ಜನ ಗುಂಪುಗುಂಪಾಗಿ ಊರುಗಳಿಗೆ ಮರಳಿದರು. ಅದು ಎರಡನೆಯ ಅಲೆಯ ಕಾಲ. ಮೇ 2ರ ರಾತ್ರಿಯಿಂದ ಮರುದಿನದೊಳಗೆ ಆಮ್ಲಜನಕದ ಕೊರತೆಯ ನಡುವೆ ಚಾಮರಾಜನಗರದಲ್ಲಿ 24 ಮಂದಿ ರೋಗಿಗಳು ಪ್ರಾಣ ಬಿಟ್ಟ ಸುದ್ದಿ ಬಂದಾಗ, ವ್ಯಾಧಿಯೇ ಸುಳ್ಳೆನ್ನುತ್ತಿದ್ದ ಬಾಯಿಗಳೂ ಮುಚ್ಚಿದವು. ಆ ದಿನಗಳಲ್ಲಿ ಶಾಲೆಯ ಕಾಂಪೌಂಡಿನ ಹೊರಗೆ ನಿಂತು, “ಒಳಗೆ ಬಿಸಿನೀರಿಗೆ ವ್ಯವಸ್ಥೆಯಾಗಿದೆಯೇನಪ್ಪ?” ಎಂದು ಕೂಗಿ ಕೇಳಿದವರು ಮೇಷ್ಟರು.

ಜಗಳ ಅಲ್ಲಿಗೆ ಮುಗಿಯಿತೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 2023ರ ಮೇ 5ರಂದು ತುರ್ತುಸ್ಥಿತಿ ಮುಗಿಯಿತೆಂದು ಸಾರಿದ ಮೇಲೆಯೂ ಅನುಮಾನ ಉಳಿಯಿತು. 2025ರ ಮೇ ಜೂನ್ ತಿಂಗಳುಗಳಲ್ಲಿ ಹಾಸನ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಹಠಾತ್ತನೆ ತೀರಿಕೊಂಡರೆಂಬ ಸುದ್ದಿ, ಅವರಲ್ಲಿ ಎಳೆಯ ವಯಸ್ಸಿನವರೂ ಇದ್ದರೆಂಬುದು, ಮನೆಮನೆಯಲ್ಲೂ ನಡುಕ ಹುಟ್ಟಿಸಿತು. ಲಸಿಕೆಯೇ ಕಾರಣವಿರಬಹುದೆಂಬ ಸಂಶಯವನ್ನು ಜುಲೈ ಮೊದಲಲ್ಲಿ ಮುಖ್ಯಮಂತ್ರಿಗಳೂ ಆಡಿದರು. ಕೇಂದ್ರದ ಆರೋಗ್ಯ ಇಲಾಖೆ ಅದನ್ನು ಅಲ್ಲಗಳೆಯಿತು. ಹೃದಯದ ತಪಾಸಣೆಗೆಂದು ಜನ ಮೈಸೂರು, ಬೆಂಗಳೂರುಗಳ ಜಯದೇವ ಆಸ್ಪತ್ರೆಗಳ ಮುಂದೆ ಸಾಲುಗಟ್ಟಿದರು. ಜಯದೇವ ಸಂಸ್ಥೆಯ ಅಂದಿನ ನಿರ್ದೇಶಕ ಡಾ. ಕೆ. ಎಸ್. ರವೀಂದ್ರನಾಥ್ ಅವರ ಸಮಿತಿ ಪರಿಶೀಲಿಸಿ, ಲಸಿಕೆಗೂ ಈ ಸಾವುಗಳಿಗೂ ಸಂಬಂಧ ಕಾಣುವುದಿಲ್ಲವೆಂದು ವರದಿ ಕೊಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 47 ಆಸ್ಪತ್ರೆಗಳಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದನ್ನೇ ಹೇಳಿತ್ತು: ಅನಿರೀಕ್ಷಿತ ಸಾವಿನ ಸಂಭವವನ್ನು ಲಸಿಕೆ ಹೆಚ್ಚಿಸಿರಲಿಲ್ಲ, ಕೊರೊನಾದಿಂದ ಆಸ್ಪತ್ರೆ ಸೇರಿದ್ದವರಲ್ಲಿ, ಮಿತಿಮೀರಿ ಮದ್ಯ ಕುಡಿದವರಲ್ಲಿ ಅದು ಹೆಚ್ಚಾಗಿತ್ತು.

ವರದಿಯಿಂದ ತಿಳಿವಳಿಕೆ ಬರುತ್ತದೆ; ಸಮಾಧಾನ ಬರುವುದು ಅಷ್ಟು ಸುಲಭವಲ್ಲ. ಮಗನನ್ನು ಕಳೆದುಕೊಂಡ ಮನೆಯಲ್ಲಿ “ಲಸಿಕೆ ಹಾಕಿಸದಿದ್ದರೆ ಉಳಿಯುತ್ತಿದ್ದನೇನೋ” ಎಂಬ ಮಾತು ಬಂದಾಗ, ಮೂಢರು ಎಂದು ನಕ್ಕವನು ವಿಜ್ಞಾನಕ್ಕೆ ಉಪಕಾರ ಮಾಡಿದಂತಾಗುವುದಿಲ್ಲ. ಮೊದಲು ಅವರ ಪಕ್ಕದಲ್ಲಿ ಕುಳಿತು, ಆಮೇಲೆ ಅಂಕಿಗಳನ್ನು ಹೇಳಿದರೆ ಕೇಳುವ ಕಿವಿಯಾದರೂ ಇರುತ್ತದೆ.

ಈಗ ದಂಡವಿಲ್ಲ, ಮುದ್ರೆಯಿಲ್ಲ, ಮುಚ್ಚಿದ ರಸ್ತೆಗಳಿಲ್ಲ. ವೈರಾಣು ಮಾತ್ರ ಹೋಗಿಲ್ಲ. ನೆಗಡಿಯಂತೆ ಬಂದು ಹಲವರನ್ನು ಮುಟ್ಟಿ ಹೋಗುತ್ತದೆ, ವೃದ್ಧರನ್ನೂ ರೋಗಿಗಳನ್ನೂ ಇನ್ನೂ ಕೆಡವಬಲ್ಲದು. ಆದುದರಿಂದ ಉಳಿದಿರುವುದು ಬಲು ಸಣ್ಣ ಕೆಲಸ. ಜ್ವರ ಬಂದ ದಿನ ಮದುವೆಯ ಊಟಕ್ಕೆ ಹೋಗದಿರುವುದು. ಕೆಮ್ಮಿರುವಾಗ ಬಾಣಂತಿಯ ಕೋಣೆಗೆ, ರೋಗಿಯ ಹಾಸಿಗೆಯ ಬಳಿಗೆ ಸುಳಿಯದಿರುವುದು. ಹೋಗಲೇಬೇಕಾದರೆ ಮೂಗು ಬಾಯಿ ಮುಚ್ಚಿಕೊಂಡು ಹೋಗುವುದು. ಬಸ್ಸಿನಲ್ಲಿ ಒಬ್ಬರು ಮುಖಗವಸು ಹಾಕಿ ಕುಳಿತಿದ್ದರೆ, ಅವರ ಮನೆಯಲ್ಲಿ ಯಾರಿದ್ದಾರೋ ಎಂದುಕೊಂಡು ನಗದಿರುವುದು.

ಇದಕ್ಕೆ ಕಾಯಿದೆ ಬೇಕಾಗಿಲ್ಲ. ರಾಮನಾಥಪುರದ ಸೋಪಾನದ ಮೇಲೆ ಬಟ್ಟೆಯನ್ನು ಕೈಯಲ್ಲಿ ಹಿಡಿದು, ಕೆಳಗಡೆ ಬಿಂದಿಗೆ ತುಂಬುವವರು ಮೇಲೇಳುವವರೆಗೆ ಸುಮ್ಮನೆ ನಿಲ್ಲುವವನಿಗೆ ಅದನ್ನು ಯಾರೂ ಹೇಳಿಕೊಟ್ಟಿಲ್ಲ. ತಾನೂ ಎಷ್ಟೋ ದಿನ ಕೆಳಗಡೆ ನಿಂತವನೆಂಬುದು ಅವನಿಗೆ ನೆನಪಿದೆ, ಅಷ್ಟೆ.